ಏಳನೇ ಕಂಡಿಯ ಕಟಕಟ

ಇಲ್ಮೊ ಹ್ಯುಟ್ಟಿನೆನ್ ನಿಂತಿರುವ ಕಡೆ ಕಾರು ನಿಲ್ಲಿಸುವುದಕ್ಕೆ ನಮ್ಮ ಲಿಕೊಲಂಪಿಯಲ್ಲಿ ಎಲ್ಲರಿಗೂ ಅಳುಕು. ಅವನು ಜಗಳಗಂಟನಲ್ಲ. ಅವನ ಕಿವಿ ಚುರುಕು, ಅಷ್ಟೇ. ಕೆಲಸದಲ್ಲಿದ್ದಷ್ಟು ಕಾಲವೂ ಹಾಲಿನ ಟ್ಯಾಂಕರ್ ಓಡಿಸಿದವನು. ಮಂಜು ಕರಗಿ ಹೊಂಡ ಬಿದ್ದ ಮಣ್ಣುರಸ್ತೆಯಲ್ಲಿ ಹೋಗುವಾಗ ಯಾವ ನಟ್ಟು ಎಲ್ಲಿ ಸಡಿಲವಾಯಿತೆಂದು ಕುಳಿತಲ್ಲಿಂದಲೇ ಹೇಳುತ್ತಿದ್ದ. ನಿವೃತ್ತಿಯಾದ ಮೇಲೆ ಟ್ಯಾಂಕರ್ ಹೋಯಿತು, ಕಿವಿ ಉಳಿಯಿತು. ಆ ಕಿವಿ ಊರಿನವರ ಕಾರುಗಳ ಕಡೆ ತಿರುಗಿತು.

"ಪಾದ್ರಿಗಳೇ, ನಿಮ್ಮ ಎಡಗಡೆ ಹಿಂದಿನ ಚಕ್ರ ಏನೋ ಗೊಣಗ್ತಾ ಇದೆ. ಗೊಣಗದೇನೂ ಇರಬಹುದು. ನನಗೆ ಕೇಳಿಸಿದ್ದು ಹೇಳಿದೆ."

ಇಲ್ಮೊ ಯಾವತ್ತೂ ಒಂದು ಮಾತನ್ನು ಪೂರ್ತಿ ಹೌದು ಎಂದಾಗಲಿ ಇಲ್ಲ ಎಂದಾಗಲಿ ಹೇಳಿದವನಲ್ಲ. ನಮ್ಮ ಸಾವೊ ಸೀಮೆಯವರೆಲ್ಲ ಹಾಗೇ. ಇಲ್ಮೊ ಸ್ವಲ್ಪ ಜಾಸ್ತಿ. ಅವನ ಅತ್ತೆಯ ಅಂತ್ಯಕ್ರಿಯೆಯ ದಿನ ಶವದ ಗಾಡಿ ಚರ್ಚಿನ ಮುಂದೆ ನಿಂತಾಗ ಜನ ಟೊಪ್ಪಿ ತೆಗೆದು ತಲೆ ಬಗ್ಗಿಸಿದರು. ಇಲ್ಮೊ ಇನ್ನೂ ಸ್ವಲ್ಪ ಜಾಸ್ತಿ ಬಗ್ಗಿದ. ಕೊನೆಗೆ ಕರಿಯ ಸೂಟಿನಲ್ಲೇ ಗಾಡಿಯ ಅಡಿಗೆ ಹೊಕ್ಕ. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಅವನ ಹೆಂಡತಿ ಐಲಿ ಆ ಕಾಲುಗಳಿಗೆ ಹೇಳಿದಳು: "ಏ ಮುದುಕಾ, ನಮ್ಮಮ್ಮ ಮೇಲಿದ್ದಾಳೆ, ಕೆಳಗಲ್ಲ."

ಇಂಥವನ ಕೋವಿಯೇ ಕಟಕಟ ಎಂದದ್ದು ಊರಿಗೆ ಎಷ್ಟು ಖುಷಿ ಕೊಟ್ಟಿತೆಂದು ಹೇಳಲಾರೆ.

ನಮ್ಮ ಬೇಟೆ ತಂಡ ಶರತ್ಕಾಲದ ಶನಿವಾರ ಮತ್ತು ಭಾನುವಾರ ಮೂಸ್ ಎಂಬ ಕುದುರೆಯೆತ್ತರದ ಕಾಡುಜಿಂಕೆಯ ಬೇಟೆಗೆ ಹೋಗುತ್ತದೆ. ನಾಯಿ ಕಾಡಿನೊಳಗೆ ಪ್ರಾಣಿಯನ್ನು ಹುಡುಕಿ ಎಬ್ಬಿಸುತ್ತದೆ. ಅದು ಹಾದುಹೋಗುವ ಜಾಗಗಳಲ್ಲಿ ಒಬ್ಬೊಬ್ಬರು ಕೋವಿ ಹಿಡಿದು ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಆ ಜಾಗಗಳಿಗೆ ಕಂಡಿ ಅನ್ನುತ್ತೇವೆ, ಪ್ರತಿಯೊಂದಕ್ಕೂ ನಂಬರ್ ಇದೆ. ಏಳನೇ ಕಂಡಿ ಇಲ್ಮೊನದು, ಅದಕ್ಕೂ ಮೊದಲು ಅವನ ಅಪ್ಪನದು. ಜೌಗುನೆಲದ ಅಂಚಿನಲ್ಲಿ ಬೆನ್ನು ಕೊಡಲು ಒಂದು ದೊಡ್ಡ ಬಂಡೆ, ಎದುರಿಗೆ ಎತ್ತರದ ಮಣ್ಣಿನ ದಿಬ್ಬ. ತಂಡಕ್ಕೆ ಬರುವ ಮೂಸ್‌ಗಳಲ್ಲಿ ಅರ್ಧಕ್ಕರ್ಧ ಅಲ್ಲೇ ಹಾಯುತ್ತವೆ. ನಾನು ಎಂಟನೇ ಕಂಡಿಯವನು, ಊರಿನಲ್ಲೂ ಅವನ ಪಕ್ಕದ ಮನೆಯವನು. ಹಾಗಾಗಿ ಈ ವಿಷಯ ನನಗೆ ಎರಡೂ ಕಡೆಯಿಂದ ಗೊತ್ತು.

ಆ ಭಾನುವಾರ ಬೆಳಿಗ್ಗೆ ಏಳನೇ ಕಂಡಿಗೆ ಭಾರಿ ಕೊಂಬಿನ ಗಂಡು ಮೂಸ್ ಬಂತು. ಇಲ್ಮೊ ಕೋವಿ ಎತ್ತಿದ. ಕೋವಿ ಕಟ್ ಎಂದಿತು. ಮೂಸ್ ಕಿವಿ ತಿರುಗಿಸಿತು. ಸದ್ದು ಮಾಡದಿರಲೆಂದು ಇಲ್ಮೊ ಕೋವಿಯನ್ನು ಮೆಲ್ಲಗೆ ಹೆಗಲಿಗೆ ಒತ್ತಿದ. ಕಟಕಟ. ಅದು ಸರ್ರನೆ ಹೊರಳಿ ಕೆರೆಗೆ ಧುಮುಕಿ, ಈಜಿ ಆಚೆ ದಡ ಹತ್ತಿತು. ಆಚೆ ದಡ ಪಕ್ಕದ ತಂಡದ್ದು. ಐದು ನಿಮಿಷದಲ್ಲಿ ಅಲ್ಲಿಂದ ಒಂದೇ ಗುಂಡಿನ ಸದ್ದು ಕೇಳಿಸಿತು.

ಸೋಮವಾರ ಕೆರೆಯಾಚೆಯವರಿಂದ ಇಲ್ಮೊನ ಮನೆಬಾಗಿಲಿಗೆ ಒಂದು ಉಡುಗೊರೆ ಬಂತು: ಹೊಸ ಮೂಸ್ ಮಾಂಸದ ಸಾಸೇಜಿನ ದೊಡ್ಡ ಸುರುಳಿ. ಅದರ ಕೊರಳಿಗೆ ಕೆಂಪು ದಾರದಲ್ಲಿ ಹಸುವಿನ ಗಂಟೆ ಕಟ್ಟಿದ್ದರು.

ಸಂಜೆ ನಾನು ಅಲ್ಲೇ ಕೂತಿದ್ದಾಗ ಮಾರಿಕಾ ಬಂದಳು. ಐಲಿಯ ತಂಗಿಯ ಮಗಳು, ನಮ್ಮ ತಂಡದ ನಾಯಕಿ. ಸಾಸೇಜ್ ಹುರಿದು ಮೇಜಿನ ಮೇಲಿತ್ತು, ಗಂಟೆ ಪಕ್ಕದಲ್ಲಿತ್ತು.

"ದೊಡ್ಡಪ್ಪ, ರುಚಿ ಹೇಗಿದೆ?"

"ಕೆಟ್ಟದಾಗೇನೂ ಇಲ್ಲ. ಚೆನ್ನಾಗಿದೆ ಅಂತಾನೂ ಹೇಳಕ್ಕಾಗಲ್ಲ. ಸಾಸಿವೆ ಕೊಡಲೇನಮ್ಮಾ?"

"ಸಾಸಿವೆ ಆಮೇಲೆ. ನಿನ್ನ ಕೋವಿ ಯಾಕೆ ಗಂಟೆ ಬಾರಿಸ್ತಾ ಇದೆ?"

"ತೋಟಾ ತುಂಬೋ ಮ್ಯಾಗಝಿನ್ ಒಂಚೂರು ಸಡಿಲ ಆಗಿದೆಯೇನೋ. ಆಗದೇನೂ ಇರಬಹುದು."

"ಕೇಳು ಇಲ್ಲಿ. ಮನೇಲಿ ನೀನು ದೊಡ್ಡಪ್ಪ, ಕಾಡಲ್ಲಿ ನೀನು ಬರೀ ಏಳನೇ ನಂಬರ್. ಶನಿವಾರ ಬೆಳಿಗ್ಗೆ ಗುಡಿಸಲಲ್ಲಿ ನಾನೇ ಅಲ್ಲಾಡಿಸಿ ನೋಡ್ತೀನಿ. ಕಟ್ ಅಂದ್ರೆ ಸೂಪಿನ ಹಂಡೆ ನಿಂದು, ಏಳನೇ ಕಂಡಿ ಪೆಂಟಿದು."

ಇಲ್ಮೊ ಕೈಯಲ್ಲಿದ್ದ ಸಾಸೇಜಿನ ತುಂಡನ್ನು ಕೆಳಗಿಟ್ಟ. ಅವನು ತಿನ್ನುವುದನ್ನು ನಡುವೆ ನಿಲ್ಲಿಸಿದ್ದು ನಾನು ನೋಡಿದ್ದು ಅದೇ ಮೊದಲು.

ಪೆಂಟಿ ನಮ್ಮ ಅಡುಗೆಯವನು. ಬೇಟೆಯ ಗುಡಿಸಲಿನಲ್ಲಿ ಬಟಾಣಿ ಸೂಪ್ ಮಾಡುತ್ತಾನೆ. ಸೂಪು ಚೆನ್ನಾಗಿರುತ್ತದೆಂದು ಅವನನ್ನು ಅಲ್ಲಿಟ್ಟದ್ದಲ್ಲ. ಅವನು ಕಂಡಿಯಲ್ಲಿ ಸುಮ್ಮನೆ ನಿಲ್ಲಲಾರ. ಸೀನುತ್ತಾನೆ, ಗುನುಗುತ್ತಾನೆ, ಥರ್ಮಾಸಿನ ಮುಚ್ಚಳ ಬಂಡೆಯ ಮೇಲೆ ಬೀಳಿಸುತ್ತಾನೆ. ಆದರೂ ಅವನ ಕಣ್ಣು ಏಳನೇ ಕಂಡಿಯ ಮೇಲೆ. ಮಂಗಳವಾರ ಹಾಲಿನ ಅಂಗಡಿಯಲ್ಲಿ ನಮ್ಮಿಬ್ಬರನ್ನು ನೋಡಿ ದೂರದಿಂದಲೇ ಕೂಗಿದ.

"ಇಲ್ಮೊ! ಬಟಾಣಿ ರಾತ್ರಿಯೇ ನೆನೆಸಬೇಕು, ಮರೀಬೇಡ!"

"ನೆನೆಸೋರು ಯಾರು ಅಂತ ಶನಿವಾರ ನೋಡೋಣ."

"ಬಂಡೆಗೆ ಒರಗೋಕೆ ಕುರಿಚರ್ಮ ಕೊಂಡ್ಕೊಂಡಿದೀನಿ ಕಣೋ. ನಿನ್ನ ಬಂಡೆ ಸ್ವಲ್ಪ ತಣ್ಣಗಿದೆ ಅಂತ ಕೇಳಿದೆ."

ಹೊರಗೆ ಬಂದ ಮೇಲೆ ಇಲ್ಮೊ ಪೆಂಟಿಯ ಕಾರಿನ ಪಕ್ಕ ನಿಂತು, "ಸೈಲೆನ್ಸರ್ ಹಿಡಿದಿರೋ ಪಟ್ಟಿ ಹೋಗ್ತಾ ಇದೆ. ಹೇಳಲ್ಲ ಅವನಿಗೆ" ಎಂದ. ಮನೆ ತಲುಪುವ ಮೊದಲು ಫೋನ್ ಮಾಡಿ ಹೇಳಿದ.

ಅಂದೇ ಅವನ ಶೆಡ್ಡಿನಲ್ಲಿ ಕೋವಿಯನ್ನು ಮೇಜಿನ ಮೇಲಿಟ್ಟು ಕೂತೆವು. ಮೊದಲು ಬೋಲ್ಟ್, ಅಂದರೆ ತೋಟಾವನ್ನು ನಳಿಗೆಗೆ ತಳ್ಳುವ ಉಕ್ಕಿನ ಅಗುಳಿಯನ್ನು, ಹೊರಕ್ಕೆ ತೆಗೆದು, ನಳಿಗೆಯಲ್ಲಿ ಬೆಳಕು ಆಚೆ ಕಾಣುವುದನ್ನು ನೋಡಿ, ತೋಟಾಗಳನ್ನೆಲ್ಲ ಬೇರೆ ಡಬ್ಬಿಗೆ ಹಾಕಿದೆವು. ಇಂಥ ಕೆಲಸದಲ್ಲಿ ನನ್ನದೊಂದು ಹಟ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಆಮೇಲೆ ಅಲ್ಲಾಡಿಸಿ ಕೇಳಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತೆಂದು ಗೊತ್ತಾಗುವುದಿಲ್ಲ.

ಅದು ಹಳೆಯ ಕಾಲದ ಬೋಲ್ಟ್ ಕೋವಿ. ಮ್ಯಾಗಝಿನ್ ಹೊರಗೆ ಕಳಚಿ ಬರುವಂಥದ್ದಲ್ಲ, ಹೊಟ್ಟೆಯೊಳಗೇ ಇದೆ. ಮೇಲೆ ನಳಿಗೆ ಕೂರುವ ಉಕ್ಕು, ಕೆಳಗೆ ಟ್ರಿಗರಿನ ಕಾಪು ಮತ್ತು ಅಡಿಯ ಮುಚ್ಚಳ, ಇವೆರಡರ ನಡುವೆ ಕೋವಿಯ ಮರ. ಮರದಲ್ಲಿ ಕೊರೆದ ಗುಳಿಯೊಳಗೆ ತೆಳು ತಗಡಿನ ಪೆಟ್ಟಿಗೆ. ಹಿಂದೊಂದು ಮುಂದೊಂದು ಸ್ಕ್ರೂ ಇದೆಲ್ಲವನ್ನೂ ಒಟ್ಟಿಗೆ ಬಿಗಿದು ಹಿಡಿದಿವೆ. ಮರ ಭೂರ್ಜದ್ದು, ಇಲ್ಮೊನ ಅಪ್ಪ ತನ್ನ ಹಿತ್ತಲಿನ ಮರದಿಂದ ಕೆತ್ತಿದ್ದು.

ತೋಟಾಗಳು ಒಳಗೆ ಓಲಾಡಿ ಸದ್ದು ಮಾಡುತ್ತವೆಯೇ? ಖಾಲಿ ಇದ್ದಾಗಲೂ ಕಟಕಟ. ಅಡಿಮುಚ್ಚಳದ ಕೊಂಡಿ ಸವೆದಿದೆಯೇ? ಮುಚ್ಚಳಕ್ಕೆ ಬಿಗಿಯಾಗಿ ಟೇಪು ಸುತ್ತಿದರೂ ಕಟಕಟ. ತೋಟಾಗಳನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗು ಹೊರಗೆ ತೆಗೆದಿಟ್ಟರೂ ಕಟಕಟ. ಕೊನೆಗೆ ಸ್ಕ್ರೂಗಳನ್ನು ಮುಟ್ಟಿ ನೋಡಿದೆ. ಎರಡೂ ಒಂದು ಕಾಲು ಸುತ್ತು ಸುಲಭವಾಗಿ ತಿರುಗಿದವು. ಬಿಗಿದೆ, ಅಲ್ಲಾಡಿಸಿದೆ. ಸದ್ದಿಲ್ಲ.

"ಸಿಕ್ತು!" ಅಂದೆ.

ಇಲ್ಮೊ ಮುಖ ಕಿವುಚಿದ. "ಅದು ನನಗೂ ಸಿಕ್ಕಿತ್ತು. ಹೋದ ಗುರುವಾರ ಬಿಗಿದೆ, ಮೊನ್ನೆ ಭಾನುವಾರ ಬೇಜಾರಿಗೆ ಮುಟ್ಟಲಿಲ್ಲ. ಅದಕ್ಕೆ ಹಿಂದಿನ ವಾರಾನೂ ಬಿಗಿದಿದ್ದೆ. ಮತ್ತೆ ಸಡಿಲ ಆಗತ್ತೆ. ಗುಂಡು ಹಾರಿಸಿದ್ರೆ ಸ್ಕ್ರೂ ಅಲ್ಲಾಡತ್ತೆ ಸರಿ. ನಾನು ಈ ವರ್ಷ ಇನ್ನೂ ಹಾರಿಸೇ ಇಲ್ವಲ್ಲ!"

ಮತ್ತೆ ಸಡಿಲವಾದರೂ ಸದ್ದಾಗದಿರಲೆಂದು ಬುಧವಾರ ಅವನು ನನ್ನನ್ನು ಕರೆಯದೆ ತಾನೇ ಒಂದು ಚಿಕಿತ್ಸೆ ಮಾಡಿದ. ಐಲಿಯ ಕಾಲುಚೀಲದ ಉಣ್ಣೆಯನ್ನು ಬಿಚ್ಚಿ ಪೆಟ್ಟಿಗೆಯ ಸುತ್ತ ತುರುಕಿದ. ಸದ್ದೇನೋ ಇರಲಿಲ್ಲ. ಆದರೆ ಪೆಟ್ಟಿಗೆಯ ಗೋಡೆ ಒಳಕ್ಕೆ ಅಮುಕಿಕೊಂಡು, ತೋಟಾವನ್ನು ಮೇಲಕ್ಕೆ ತಳ್ಳುವ ತಗಡು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಪರೀಕ್ಷೆಗೆ ಹಾಕಿದ ಮದ್ದಿಲ್ಲದ ತೋಟಾ ಮೂಗು ಮೇಲೆ ಮಾಡಿ ನಿಂತುಬಿಟ್ಟಿತು. ಐಲಿ ಒಂದೇ ಕಾಲುಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದು ಇನ್ನೊಂದು ಕಾಲನ್ನು ನನಗೆ ತೋರಿಸಿದಳು.

"ನೋಡಪ್ಪಾ ನಿಮ್ಮ ವಿಜ್ಞಾನ."

"ಇದು ನನ್ನದಲ್ಲ, ಐಲಿ."

"ಯಾರದಾದ್ರೂ ಆಗ್ಲಿ, ಚಳಿ ಆಗ್ತಿರೋದು ನನಗೆ."

ಉಣ್ಣೆಯನ್ನು ಇಕ್ಕಳದಿಂದ ಎಳೆಎಳೆಯಾಗಿ ಕಿತ್ತು ಹಾಕಿದೆವು, ಸ್ಕ್ರೂಗಳನ್ನು ನಾನೇ ಮತ್ತೆ ಬಿಗಿದೆ. ಗುರುವಾರ ಬೆಳಿಗ್ಗೆ ಇಲ್ಮೊ ನನ್ನ ಕಿಟಕಿ ತಟ್ಟಿದ. ನಾನು ಬಿಗಿದ ಸ್ಕ್ರೂಗಳು ಮತ್ತೆ ಸಡಿಲ! ಈ ಸಲ ಬಿಗಿಯಲು ಹೋದರೆ ಸ್ಕ್ರೂ ತನ್ನ ಕೊನೆ ಮುಟ್ಟಿ ನಿಂತಿತು, ಆದರೂ ಮರ ಕೈಯಲ್ಲಿ ಅಲುಗುತ್ತಿತ್ತು.

ಅವರ ಅಡುಗೆಮನೆಯಲ್ಲಿ ಕಾಫಿ ಮುಂದಿಟ್ಟುಕೊಂಡು ಮೂವರೂ ಕೂತೆವು. ಮಾರಿಕಾಳ ಶನಿವಾರಕ್ಕೆ ಉಳಿದದ್ದು ಅಂದಿನ ದಿನ ಮತ್ತು ಶುಕ್ರವಾರ.

"ಯಾರೋ ದ್ವೇಷಕ್ಕೆ ಬಿಚ್ತಾ ಇದಾರೆ" ಎಂದ ಇಲ್ಮೊ. "ಪೆಂಟಿ ಅಂತ ನಾನು ಹೇಳಲ್ಲ. ಪೆಂಟಿ ಅಲ್ಲ ಅಂತಾನೂ ಹೇಳಲ್ಲ."

"ಬೀಗ ಹಾಕಿದ ಬೀರುವೊಳಗೆ ಪೆಂಟಿ ಹೇಗೆ ಹೋಗ್ತಾನೆ?" ಎಂದಳು ಐಲಿ. "ಅವನು ಬಾಗಿಲಿಗೆ ಬಂದ್ರೇನೇ ನಾಲ್ಕು ಮನೆಗೆ ಕೇಳಿಸತ್ತೆ. ಬಿಚ್ಚೋರ ವಿಷಯ ಬಿಡು, ನನ್ನ ವಿಷಯ ಕೇಳು. ನನ್ನ ಡ್ರಾಯರಿನ ಸ್ಕ್ರೂಡ್ರೈವರ್ ವಾರದಲ್ಲಿ ಎರಡು ದಿನ ಮಾಯ. ಯಾವಾಗ್ಲೂ ಗುರುವಾರ, ಭಾನುವಾರ. ಉಳಿದ ದಿನ ಇದ್ದಲ್ಲೇ ಇರತ್ತೆ."

ನಾನು ಕಾಫಿ ಕೆಳಗಿಟ್ಟೆ. ಗುರುವಾರ ಮತ್ತು ಭಾನುವಾರ ಎಂದರೆ, ಬುಧವಾರದ ಮಾರನೇ ದಿನ ಮತ್ತು ಶನಿವಾರದ ಮಾರನೇ ದಿನ.

"ಇಲ್ಮೊ, ನೀವು ಸೌನಾ ಯಾವತ್ತು ಕಾಯಿಸ್ತೀರಿ?" ಎಂದೆ. ಸೌನಾ ಅಂದರೆ ಹಿತ್ತಲಿನ ಆವಿಸ್ನಾನದ ಕೋಣೆ, ಒಲೆಯ ಮೇಲೆ ಕಾದ ಕಲ್ಲಿಗೆ ನೀರು ಚೆಲ್ಲಿ ಬೆವರುವ ಜಾಗ.

"ಬುಧವಾರ, ಶನಿವಾರ. ಎಲ್ಲರ ಹಾಗೆ."

"ಕೋವಿ ಆವಾಗ ಎಲ್ಲಿರತ್ತೆ?"

ಇಲ್ಮೊ ಕಿಟಕಿಯ ಹೊರಗೆ ನೋಡಿದ. ಆಮೇಲೆ ಬೆಕ್ಕನ್ನು ನೋಡಿದ.

"ನನ್ನ ಜೊತೆ" ಎಂದ.

"ಜೊತೆ ಅಂದ್ರೆ?"

"ಕೆಳಗಿನ ಹಲಗೆ ಮೇಲೆ. ಮಳೆಯ ಥಂಡಿ ಹಿಡಿದಿರತ್ತಲ್ಲ, ಪಾಪ. ಬೋಲ್ಟ್ ತೆಗೆದಿರ್ತೀನಿ. ನೀರು ಚೆಲ್ಲಿ ಆವಿ ಏಳಿಸೋವಾಗ ಮಾತ್ರ ಹೊರಗಿಡ್ತೀನಿ. ಆಮೇಲೆ ಒಲೆ ಪಕ್ಕ ಒಣಗಿಸ್ತೀನಿ. ಮಲಗೋ ಮುಂಚೆ ಬೀರುಗೆ."

ಐಲಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸಲನೂ ನನ್ನ ಬೆನ್ನು ಉಜ್ಜಲಿಲ್ಲ ಈ ಮನುಷ್ಯ, ಕೋವಿಗೆ ಸ್ನಾನ ಮಾಡಿಸ್ತಾ ಇದಾನೆ."

"ಏನ್ ತಪ್ಪು ಅದರಲ್ಲಿ?" ಇಲ್ಮೊನ ದನಿ ಏರಿತು. "ನಮ್ಮಪ್ಪ ಹುಟ್ಟಿದ್ದು ಸೌನಾದಲ್ಲಿ. ನಾನು ಹುಟ್ಟಿದ್ದು ಸೌನಾದಲ್ಲಿ. ಅಜ್ಜ ಹೋದಾಗ ತೊಳೆದಿದ್ದು ಸೌನಾದಲ್ಲಿ. ಮಾಂಸಕ್ಕೆ ಹೊಗೆ ಹಾಕಿದ್ದು, ಬಾರ್ಲಿ ಒಣಗಿಸಿದ್ದು ಎಲ್ಲಾ ಅಲ್ಲೇ. ಸೌನಾದಿಂದ ಯಾವುದಕ್ಕಾದ್ರೂ ಕೆಟ್ಟದ್ದಾಗಿದೆಯೇನು?"

ನಾನು ಮರದ ಲೆಕ್ಕ ಹೇಳಿದೆ. ಉಕ್ಕಿನ ಸ್ಕ್ರೂ ಅಷ್ಟು ಬಿಸಿಗೆ ಗಣನೀಯವಾಗಿ ಬದಲಾಗುವುದಿಲ್ಲ. ಮರ ಹಾಗಲ್ಲ. ಒಣಗಿದರೆ ಸೊರಗುತ್ತದೆ, ತೇವಕ್ಕೆ ಉಬ್ಬುತ್ತದೆ. ಸೌನಾದಲ್ಲಿ ಸೊರಗಿದಾಗ ಸ್ಕ್ರೂ ಸಡಿಲ. ಇಲ್ಮೊ ಬಂದು ಬಿಗಿಯುತ್ತಾನೆ. ಹೊರಗಿನ ಮಳೆಯ ಹವೆಗೆ ಮರ ಮತ್ತೆ ಉಬ್ಬಲು ನೋಡುತ್ತದೆ, ಬಿಗಿದ ಉಕ್ಕು ಬಿಡುವುದಿಲ್ಲ, ಒಳಗಿನ ನಾರು ನಜ್ಜುಗುಜ್ಜಾಗುತ್ತದೆ. ಮುಂದಿನ ಸೌನಾದಲ್ಲಿ ಅದು ಹಿಂದಿನ ಸಲಕ್ಕಿಂತ ಹೆಚ್ಚು ಸೊರಗುತ್ತದೆ. ಅಂದರೆ ಪ್ರತಿ ಸಲ ಬಿಗಿದಾಗಲೂ ಅವನು ಕೋವಿಯನ್ನು ಇನ್ನಷ್ಟು ಸಡಿಲ ಮಾಡುತ್ತಿದ್ದ. ಮಂಗಳವಾರ ನಾನೂ ಕೈಜೋಡಿಸಿದ್ದೆ.

"ಹಾಗಾದ್ರೆ ಹೋದ ವರ್ಷ ಯಾಕೆ ಆಗಲಿಲ್ಲ?" ಇಲ್ಮೊ ಗೆದ್ದವನಂತೆ ಕೇಳಿದ.

ಐಲಿ ಬೆರಳಿನಿಂದ ಹಿತ್ತಲನ್ನು ತೋರಿಸಿದಳು. "ಹೋದ ವರ್ಷ ಆ ರಾಕ್ಷಸ ಇರಲಿಲ್ಲ."

ಬೇಸಿಗೆಯಲ್ಲಿ ಇಲ್ಮೊ ಸೌನಾಕ್ಕೆ ಹೊಸ ಒಲೆ ಹಾಕಿಸಿದ್ದ. ಹಳೆಯದರ ಎರಡರಷ್ಟು ಕಲ್ಲು ಹಿಡಿಯುವ ಒಲೆ. ಮಲಗುವ ಹೊತ್ತಿಗೂ ಅದರ ಪಕ್ಕ ನಿಂತರೆ ಹುಬ್ಬು ಒಣಗುತ್ತಿತ್ತು. ಐಲಿ ಬೇಡವೆಂದಿದ್ದಳು. ಆದ್ದರಿಂದ ಇಲ್ಮೊ ಊರಿಡೀ ಅದನ್ನು ಹೊಗಳಿಕೊಂಡು ತಿರುಗಿದ್ದ.

"ಒಲೆಯದೇನೂ ತಪ್ಪಿಲ್ಲ" ಎಂದ ಇಲ್ಮೊ. "ಕೋವಿಗೆ ಅಭ್ಯಾಸ ಸಾಲದು."

ಸರಿಯಾದ ಪರಿಹಾರವೆಂದರೆ ಕೋವಿಯನ್ನು ತಿಂಗಳುಗಟ್ಟಲೆ ತಣ್ಣಗೆ ಇಟ್ಟು, ಸ್ಕ್ರೂ ಹಾಯುವ ಎರಡು ತೂತುಗಳಿಗೂ ಲೋಹದ ಕೊಳವೆ ಕೂರಿಸುವುದು. ಆಗ ಉಕ್ಕಿನ ಭಾರ ಮರದ ಮೇಲೆ ಬೀಳುವುದಿಲ್ಲ. ಅದು ಕೋವಿ ರಿಪೇರಿಯವನ ಕೆಲಸ, ಪೇಟೆಗೆ ಹೋಗಬೇಕು, ಚಳಿಗಾಲಕ್ಕೆ ಆದೀತು. ಸದ್ಯಕ್ಕೆ ಉಕ್ಕಿಗೂ ಮರಕ್ಕೂ ನಡುವಿನ ಸಂದು ತುಂಬುವ ಏನಾದರೂ ಬೇಕು. ತೆಳ್ಳಗಿರಬೇಕು, ಎಲ್ಲೆಡೆ ಒಂದೇ ದಪ್ಪವಿರಬೇಕು, ನೀರು ಕುಡಿಯಬಾರದು. ಕಾಗದ ಬೇಡ, ರಬ್ಬರ್ ಕುಪ್ಪಳಿಸುತ್ತದೆ, ಉಣ್ಣೆಯ ಮಾತು ಐಲಿಯ ಮುಂದೆ ಆಡುವಂತಿಲ್ಲ.

ಇಲ್ಮೊ ತಟ್ಟನೆ ಎದ್ದು ಗೋಡೆಯ ಮೇಲಿನ ಉಪ್ಪಿನ ಬುಟ್ಟಿಯನ್ನು ಕೈಗೆತ್ತಿಕೊಂಡ. ಭೂರ್ಜದ ತೊಗಟೆಯಿಂದ ಹೆಣೆದದ್ದು. "ಇದು ಕೊಳೆಯಲ್ಲ, ನೆನೆಯಲ್ಲ" ಎಂದ. "ಮರ ಯಾವುದೋ ಚರ್ಮಾನೂ ಅದರದ್ದೇ."

"ಅದು ನಮ್ಮಮ್ಮನ ಬುಟ್ಟಿ" ಎಂದಳು ಐಲಿ.

"ನಿಮ್ಮಮ್ಮ ಮೇಲಿದ್ದಾಳೆ ಅಂತ ನೀನೇ ಹೇಳಿದ್ದೆ."

ಬುಟ್ಟಿ ಗೋಡೆಗೆ ವಾಪಸಾಯಿತು. ಸೌದೆ ರಾಶಿಯಲ್ಲಿ ತೊಗಟೆ ಬೇಕಾದಷ್ಟಿತ್ತು. ಒಳಪದರ ಸುಲಿದು, ಅಳೆದು, ಸಮನಾದ ಎರಡು ತುಂಡು ಕತ್ತರಿಸಿದೆವು. ಕೆಳಗಿನ ಉಕ್ಕಿಗೂ ಮರಕ್ಕೂ ನಡುವೆ ಹಿಂದೊಂದು, ಮುಂದೊಂದು. ಪೆಟ್ಟಿಗೆಯ ಎರಡು ಪಕ್ಕಕ್ಕೆ ಇನ್ನೂ ತೆಳುವಾದ ಪಟ್ಟಿಗಳು, ಗೋಡೆ ಒಳಕ್ಕೆ ಅಮುಕದ ಹಾಗೆ. ಸ್ಕ್ರೂಗಳನ್ನು ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಹೀಗೆ ಬಿಗಿದೆವು. ತಳ್ಳುವ ತಗಡು ಲೀಲಾಜಾಲವಾಗಿ ಮೇಲೆ ಬಂತು. ಅಲ್ಲಾಡಿಸಿದೆ. ಇಲ್ಮೊ ಕಿವಿ ಹತ್ತಿರ ತಂದ. ಅವನ ಮುಖ ನಿಧಾನಕ್ಕೆ ಸಡಿಲವಾಯಿತು. ಆ ಶೆಡ್ಡಿನಲ್ಲಿ ಆಗ ಸಡಿಲವಾಗಿದ್ದದ್ದು ಅದೊಂದೇ.

ಶುಕ್ರವಾರ ಗುರಿ ಮೈದಾನಕ್ಕೆ ಹೋದೆವು. ಉಕ್ಕನ್ನೂ ಮರವನ್ನೂ ಬಿಚ್ಚಿ ಕೂರಿಸಿದ ಮೇಲೆ ಗುಂಡು ಎಲ್ಲಿ ಬೀಳುತ್ತದೆಂದು ನೋಡದೆ ಕಾಡಿಗೆ ಹೋಗುವುದು ತಪ್ಪು. ಗುಂಡು ಅಂಗೈಯಷ್ಟು ಎಡಕ್ಕೆ ಹೋಗುತ್ತಿತ್ತು, ಇಲ್ಮೊ ಕೋವಿಯ ಮೇಲಿನ ದುರ್ಬೀನಿನಲ್ಲಿ ಸರಿಪಡಿಸಿದ. ಮನೆಗೆ ಬಂದು ಅಲ್ಲಾಡಿಸಿದರೆ ಕೋವಿ ಮೂಕ.

ಶನಿವಾರ ಬೆಳಿಗ್ಗೆ ಗುಡಿಸಲಿನಲ್ಲಿ ಇಡೀ ತಂಡ ಕಿತ್ತಳೆ ಟೊಪ್ಪಿ ಹಾಕಿಕೊಂಡು ಸುತ್ತ ನಿಂತಿತ್ತು. ಪೆಂಟಿ ಕುರಿಚರ್ಮವನ್ನು ಕಂಕುಳಲ್ಲಿ ಹಿಡಿದೇ ಬಟಾಣಿ ತಿರುವುತ್ತಿದ್ದ. ಮಾರಿಕಾ ಖಾಲಿ ಕೋವಿಯನ್ನು ತೆಗೆದುಕೊಂಡು ಮೊದಲು ಮೆಲ್ಲಗೆ, ಆಮೇಲೆ ರತ್ನಗಂಬಳಿ ಕೊಡವುವ ಹಾಗೆ ಅಲ್ಲಾಡಿಸಿದಳು. ಒಲೆಯಲ್ಲಿ ಸೌದೆ ಚಟಗುಟ್ಟುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

"ಏಳನೇ ನಂಬರ್, ನಿನ್ನ ಜಾಗಕ್ಕೆ ನಡಿ" ಎಂದಳು. "ಆದ್ರೆ ಮೂಸ್ ಇವತ್ತೂ ಕೆರೆಗೆ ಹಾರಿತು ಅಂದ್ರೆ ಕೋವಿ ಕಾರಣ ಅಂತ ಹೇಳೋ ಹಾಗಿಲ್ಲ. ಸೂಪೇ ಗತಿ."

ಪೆಂಟಿಯ ಸೌಟು ಕೈತಪ್ಪಿ ನೆಲಕ್ಕೆ ಬಿತ್ತು.

ಮುಂದೆ ನಡೆದದ್ದರಲ್ಲಿ ಒಂದು ಭಾಗವನ್ನು ನಾನು ಎಂಟನೇ ಕಂಡಿಯಿಂದ ಕೇಳಿದೆ, ಉಳಿದದ್ದನ್ನು ಆಮೇಲೆ ತಿಳಿದೆ. ತುಂಬ ಹೊತ್ತು ನಿಶ್ಶಬ್ದ. ನಾಯಿ ದೂರದಲ್ಲೆಲ್ಲೋ ಬೊಗಳಿ ಸುಮ್ಮನಾಯಿತು. ಆಮೇಲೆ ಇದ್ದಕ್ಕಿದ್ದಂತೆ ಗುಡಿಸಲಿನ ದಿಕ್ಕಿನಿಂದ ಒಂದು ಗಲಾಟೆ: ಢಣ್ ಢಣ್ ಢಣಾರ್, ಜೊತೆಗೆ ಪೆಂಟಿಯ ಕೂಗು. "ಹೋಗಾಚೆ! ಈರುಳ್ಳಿ ಬಿಡು! ಹೋಗಾಚೆ ಪಿಶಾಚಿ!"

ಗುಡಿಸಲಿನ ಹಿಂದೆ ಇಟ್ಟಿದ್ದ ಈರುಳ್ಳಿ ಮತ್ತು ರೊಟ್ಟಿಯ ಚೀಲಕ್ಕೆ ಒಂದು ಮೂಸ್ ಮೂತಿ ಹಾಕಿತ್ತು. ಪೆಂಟಿಯ ಕೈಯಲ್ಲಿ ಕೋವಿಯಿರಲಿಲ್ಲ, ಸೌಟು ಮತ್ತು ಹಂಡೆಯ ಮುಚ್ಚಳ ಇದ್ದವು. ಅವೆರಡನ್ನೂ ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಅವನು ಬಳಸಿರಲಿಲ್ಲ. ಮೂಸ್ ಬಂದ ದಾರಿಯಲ್ಲೇ ವಾಪಸು ಓಡಿತು, ನೇರ ಏಳನೇ ಕಂಡಿಗೆ. ಇಲ್ಮೊ ಕೋವಿ ಎತ್ತಿದ. ಕೋವಿ ಕಟ್ ಎನ್ನಲಿಲ್ಲ. ಗುಡಿಸಲಿನ ಕಡೆಗೆ ನಳಿಗೆ ತಿರುಗಿಸುವಂತಿಲ್ಲ, ಆದ್ದರಿಂದ ಹೆಗಲಿಗೊತ್ತಿ ಕಾದ. ಮೂಸ್ ಅವನನ್ನು ದಾಟಿತು, ಸದ್ದೇನಾದರೂ ಕೇಳಿಸುತ್ತದೆಯೇ ಎಂದು ನಿಂತಿತು, ಏನೂ ಕೇಳಿಸದೆ ಜೌಗಿನ ಕಡೆ ಹೊರಳಿತು. ಹಿಂದೆ ಮಣ್ಣಿನ ದಿಬ್ಬ ಬಂದಾಗ ಇಲ್ಮೊ ಒಂದೇ ಗುಂಡು ಹೊಡೆದ.

ಮಧ್ಯಾಹ್ನ ಎಲ್ಲರೂ ಗುಡಿಸಲಿನಲ್ಲಿ ಸೇರಿದೆವು. ಸೂಪು ತಳ ಹಿಡಿದಿತ್ತು, ಯಾರೂ ಬೈಯಲಿಲ್ಲ. ಪೆಂಟಿ ಮುಚ್ಚಳದ ತಗ್ಗುಗಳನ್ನು ಪ್ರತಿಯೊಬ್ಬರಿಗೂ ತೋರಿಸುತ್ತಿದ್ದ.

"ಅರ್ಧ ಮೂಸ್ ನಂದು" ಎಂದ.

"ಬಾಲದ ಕಡೆಯ ಅರ್ಧ" ಎಂದ ಇಲ್ಮೊ. "ನೀನು ನೋಡಿದ್ದು ಅದನ್ನೇ ತಾನೆ."

ಮಾರಿಕಾ ತೀರ್ಪು ಕೊಟ್ಟಳು: "ಇನ್ಮೇಲೆ ಯಾರ ಜಾಗಾನೂ ಬದಲಾಗಲ್ಲ. ಸದ್ದಿಲ್ಲದೋರು ಕಂಡೀಲಿ, ಸದ್ದು ಮಾಡೋರು ಹಂಡೆ ಹತ್ರ. ಪೆಂಟಿ, ನಿನ್ನಷ್ಟು ಚೆನ್ನಾಗಿ ಪ್ರಾಣಿ ತಿರುಗಿಸೋರು ಇನ್ಯಾರೂ ಇಲ್ಲ ನಮ್ಮಲ್ಲಿ."

ಪೆಂಟಿಗೆ ಇದು ಹೊಗಳಿಕೆಯೋ ಶಿಕ್ಷೆಯೋ ತಿಳಿಯಲಿಲ್ಲ. ಹೊಗಳಿಕೆ ಎಂದುಕೊಂಡ. ಕುರಿಚರ್ಮವನ್ನು ಎದ್ದು ಹೋಗಿ ಇಲ್ಮೊನ ಬೆಂಚಿನ ಮೇಲೆ ಹಾಸಿದ.

ಮಾರಿಕಾ ಫೋನನ್ನು ಮೇಜಿನ ಮೇಲಿಟ್ಟಳು. ನಾಯಿಯ ಕೊರಳಪಟ್ಟಿ ಅದು ಹೋದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ಬರೆಯುತ್ತದೆ. ನಾಯಿ ಬೆಳಗಿನಿಂದ ಮೂಸ್‌ನ ಹೆಜ್ಜೆ ಬಿಡದೆ ನಡೆದಿತ್ತು. ಅವಳು ಗೆರೆಯ ಮೇಲೆ ಬೆರಳಾಡಿಸುತ್ತ ಏಳನೇ ಕಂಡಿಯ ಬಳಿ ನಿಲ್ಲಿಸಿದಳು. ಹುಬ್ಬು ಗಂಟಿಕ್ಕಿದಳು.

"ದೊಡ್ಡಪ್ಪ, ಇಲ್ಲಿ ಎರಡು ಗೆರೆ ಇದೆ."

"ಇರಬಹುದು. ಇಲ್ಲದೇನೂ ಇರಬಹುದು."

"ಇದೆ. ಒಂದು ಗುಡಿಸಲಿಂದ ವಾಪಸ್ ಬಂದಿದ್ದು. ಇನ್ನೊಂದು ಅದಕ್ಕೂ ಮುಂಚೆ, ಗುಡಿಸಲ ಕಡೆ ಹೋಗಿದ್ದು. ನಿನ್ನ ಬಂಡೆಯಿಂದ ಹದಿನೈದು ಮೀಟರಲ್ಲಿ, ಮೆರವಣಿಗೆ ಹೋದ ಹಾಗೆ ಹೋಗಿದೆ. ಆವಾಗ ನೀನೇನು ಮಾಡ್ತಿದ್ದೆ?"

ಇಲ್ಮೊ ಬಟ್ಟಲಿನ ತಳವನ್ನು ಕೆರೆದ, ಮತ್ತೊಮ್ಮೆ ಕೆರೆದ. ಕೊನೆಗೆ ಜೀವಮಾನದಲ್ಲಿ ಮೊದಲ ಬಾರಿಗೆ ಇಲ್ಮೊ ಹ್ಯುಟ್ಟಿನೆನ್ ಒಂದು ನೇರವಾದ ಉತ್ತರ ಕೊಟ್ಟ.

"ಕೋವಿಗೆ ಕಿವಿ ಇಟ್ಟು ಅಲ್ಲಾಡಿಸ್ತಾ ಇದ್ದೆ ಕಣಮ್ಮಾ. ಏನೂ ಕೇಳಿಸ್ತಿರಲಿಲ್ಲ. ಅಷ್ಟು ಚೆನ್ನಾಗಿತ್ತು."